ಪಿರಿ ನೇನಿ ಬಳಿದ ಕೆಂಪು

ಪಿರೋಷ್ಕಾ ಬಾಲೋಗ್ ಅಂತ ಪೂರ್ತಿ ಹೆಸರು ಹಿಡಿದು ಅವಳನ್ನು ಕರೆಯುತ್ತಿದ್ದವರು ಇಬ್ಬರೇ. ಒಬ್ಬರು ಚರ್ಚಿನ ಪಾದ್ರಿ, ಇನ್ನೊಬ್ಬಳು ಅವಳ ತಂಗಿ, ಅದೂ ಕೋಪ ಬಂದಾಗ. ನ್ಯೂಯಾರ್ಕಿಗೆ ಹತ್ತಿರದ ಬ್ರಿಜ್‌ಪೋರ್ಟ್ ಊರಿನ ಪಶ್ಚಿಮದ ಕೇರಿಗಳಿಗೆಲ್ಲ ಅವಳು ಪಿರಿ ನೇನಿ. ಹಂಗೇರಿಯವರ ಬಾಯಲ್ಲಿ ನೇನಿ ಅಂದರೆ ಅತ್ತೆಯೂ ಹೌದು, ಚಿಕ್ಕಮ್ಮನೂ ಹೌದು, ಪಕ್ಕದ ಮನೆಯಿಂದ ಬಂದು ನಿಮ್ಮ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ಇಣುಕುವ ಹಕ್ಕಿರುವ ಹೆಂಗಸೂ ಹೌದು. ಪಿರಿ ನೇನಿ ಆ ಹಕ್ಕನ್ನು ಯಾವತ್ತೂ ಬಿಟ್ಟುಕೊಟ್ಟವಳಲ್ಲ.

ಏನು ಕೆಲಸ ಅಂತ ಯಾರಾದರೂ ಕೇಳಿದರೆ "ಕೆಂಪು ಬಳೀತೀನಿ" ಅನ್ನುತ್ತಿದ್ದಳು. ಕೇಳಿದವರು ಗೋಡೆಗೆ ಅಂದುಕೊಳ್ಳುತ್ತಿದ್ದರು. ಗೋಡೆಗಲ್ಲ ಸ್ವಾಮಿ, ಕಾಮಿಕ್ಸಿಗೆ. ಮುಸುಕು ತೊಟ್ಟು ಆಕಾಶದಲ್ಲಿ ಹಾರುವ, ಮಾಳಿಗೆಯಿಂದ ಮಾಳಿಗೆಗೆ ನೆಗೆಯುವ ವೀರರ ಮೈಮೇಲಿನ ಕೆಂಪು ತಾನಾಗಿ ಬಂದು ಕೂರುವುದಿಲ್ಲ. ನ್ಯೂಯಾರ್ಕಿನಲ್ಲಿ ಕೂತ ಚಿತ್ರಗಾರರು ಕಪ್ಪು ಗೆರೆ ಎಳೆದು ಕಳಿಸಿಬಿಡುತ್ತಿದ್ದರು, ಅಷ್ಟೇ. ಆ ಗೆರೆಗಳನ್ನು ಪಾರದರ್ಶಕ ಹಾಳೆಗಳ ಮೇಲೆ ಇಳಿಸಿ, ಹಳದಿಗೆ ಬೇರೆ, ಕೆಂಪಿಗೆ ಬೇರೆ, ನೀಲಿಗೆ ಬೇರೆ ಹಾಳೆ ಮಾಡಿ ಹೆಂಗಸರ ಮುಂದಿಡುತ್ತಿದ್ದರು. ಕೆಂಪಿನಲ್ಲೂ ತುಂಬುಗೆಂಪಿಗೊಂದು, ಅರೆಗೆಂಪಿಗೊಂದು. ಯಾವ ಬಣ್ಣ ಎಲ್ಲಿ ಬೇಕೋ ಆ ಹಾಳೆಯಲ್ಲಿ ಅಷ್ಟು ಜಾಗವನ್ನು ಕುಂಚದಿಂದ ತುಂಬಬೇಕು.

ತಮಾಷೆ ಕೇಳಿ. ತುಂಬುವುದಕ್ಕೆ ಕೊಡುತ್ತಿದ್ದದ್ದು ಎಲ್ಲರಿಗೂ ಒಂದೇ ಕಂದು ಬಣ್ಣ. ಹಳದಿಯವಳೂ ಕಂದು ಬಳಿಯುತ್ತಾಳೆ, ನೀಲಿಯವಳೂ ಕಂದು ಬಳಿಯುತ್ತಾಳೆ. ಅದಕ್ಕೆ ಅವರಿಟ್ಟ ಹೆಸರು ಕೆಸರು. ಅಚ್ಚಿನ ಯಂತ್ರಕ್ಕೆ ಹೋದ ಮೇಲೇ ಯಾವ ಕೆಸರು ಯಾವ ಬಣ್ಣವಾಯಿತು ಅಂತ ತಿಳಿಯುತ್ತಿದ್ದದ್ದು. ಬೆಳಗಿನಿಂದ ಸಂಜೆಯವರೆಗೆ ಕಣ್ಣೆದುರು ಕೆಸರು, ತಲೆಯೊಳಗೆ ಕೆಂಪು. ಈ ಕೆಲಸ ಎಲ್ಲರಿಗೂ ಒಗ್ಗುತ್ತಿರಲಿಲ್ಲ.

ಅಲ್ಲೊಂದು ಪದ್ಧತಿಯಿತ್ತು. ಮೊದಲು ಕೆಂಪು. ಕೆಂಪಿನವಳು ಅಂಚು ಕಟ್ಟಿಕೊಟ್ಟ ಮೇಲೆ ಹಳದಿ ನೀಲಿಯವರು ಅವಳ ಹಾಳೆಯನ್ನು ತಮ್ಮದರ ಕೆಳಗಿಟ್ಟುಕೊಂಡು ಅದೇ ಅಂಚು ಹಿಡಿದು ನಡೆಯಬೇಕು. ಅವಳು ಬಿಟ್ಟ ಕಡೆ ಅವರೂ ಬಿಡಬೇಕು, ತುಟಿ ಬಿಚ್ಚುವ ಹಾಗಿಲ್ಲ. ಕೆಂಪಿನ ಕುರ್ಚಿ ಅಂದರೆ ಆ ಕೋಣೆಯಲ್ಲಿ ಹಿರಿಸೊಸೆಯ ಜಾಗ.

ಪಿರಿ ನೇನಿ ಆ ಕುರ್ಚಿಗೆ ಬಂದದ್ದು ಸುಲಭವಾಗಿ ಅಲ್ಲ. ಹದಿನಾರಕ್ಕೇ ಹೆಂಗಸರ ನಡು ಬಿಗಿಯುವ ಕಾರ್ಸೆಟ್ ಹೊಲಿಯುವ ಕಾರ್ಖಾನೆ ಸೇರಿದವಳು. ಬೆರಳು ಅಲ್ಲೇ ಪಳಗಿದ್ದು. ಕಾಲ ಬದಲಾಯಿತು, ಊರಿನ ಹೆಂಗಸರು ಸಲೀಸಾಗಿ ಉಸಿರಾಡತೊಡಗಿದರು, ಪಿರಿಯ ಕೆಲಸ ಹೋಯಿತು. ಕಾರ್ಖಾನೆಯ ಬಾಗಿಲಿಗೆ ಬೀಗ ಬಿದ್ದ ವರ್ಷವೇ ಗಂಡ ಬೇಲಾ ತೀರಿಕೊಂಡ. ಆಮೇಲೆ ಎರಡು ಚಳಿಗಾಲ ಅವಳು ಅಡಿಗೆಮನೆಯ ಕಿಟಕಿಯ ಬಳಿ ಸುಮ್ಮನೆ ಕೂತಳು. ಬೆಳಗ್ಗೆ ತಲೆ ಬಾಚಿಕೊಳ್ಳುವುದಕ್ಕೂ ಒಂದು ನೆಪ ಬೇಕು ಮನುಷ್ಯರಿಗೆ, ಅವಳಿಗೆ ಆ ನೆಪವೂ ಇರಲಿಲ್ಲ. ತಂಗಿ ಬೈದು, ಎಳೆದುಕೊಂಡು ಬಂದು ಈ ಬಣ್ಣದ ಕೋಣೆಗೆ ಸೇರಿಸಿದಳು. ಮೂರೇ ತಿಂಗಳಲ್ಲಿ ಪಿರಿಯ ದನಿ ಬೀದಿಯ ಆಚೆಗೂ ಕೇಳುವ ಹಾಗಾಯಿತು.

ಕೋಣೆಯಲ್ಲಿ ಎರಡು ಮೇಜು. ಯಾಕೆಂದರೆ ಕೆಲಸ ಬರುತ್ತಿದ್ದದ್ದು ಎರಡು ಪ್ರಕಾಶನಗಳಿಂದ, ಅವೆರಡಕ್ಕೂ ಎಣ್ಣೆ ಸೀಗೆಕಾಯಿ. ಹಳೆಯ ಪ್ರಕಾಶನದ ಪುಸ್ತಕಗಳೆಲ್ಲ ಕಿಟಕಿ ಮೇಜಿಗೆ. ಅಲ್ಲಿ ಕೆಂಪು ಪಿರಿ ನೇನಿಯದು, ಹಳದಿ ಬ್ರೋನ್ಯಾ ಅನ್ನುವ ಪೋಲೆಂಡಿನ ಹೆಂಗಸಿನದು. ಹೊಸ ಪ್ರಕಾಶನದವು ಬಾಗಿಲ ಮೇಜಿಗೆ. ಅಲ್ಲಿ ಕೆಂಪು ಬಳಿಯುತ್ತಿದ್ದವಳು ಡೆಲ್ಫಿನಾ ಕಬ್ರಾಲ್, ಪೋರ್ಚುಗೀಸರವಳು, ಪಿರಿಗಿಂತ ಹದಿನೈದು ವರ್ಷಕ್ಕೆ ಚಿಕ್ಕವಳು, ನಾಲಿಗೆಯಲ್ಲಿ ಮಾತ್ರ ಸರಿಸಮ. ಪ್ರಕಾಶನದವರ ಹಗೆ ನ್ಯೂಯಾರ್ಕಿನಲ್ಲಿ ಹೇಗಿತ್ತೋ, ಇಲ್ಲಿ ಹೆಂಗಸರು ಅದನ್ನು ನಿಷ್ಠೆಯಿಂದ ಪಾಲಿಸುತ್ತಿದ್ದರು.

"ನಿಮ್ಮ ಕ್ಯಾಪ್ಟನ್ ಮೆರಿಡಿಯನ್ ಹಾರೋದು ಬಿಟ್ರೆ ಇನ್ನೇನು ಮಾಡ್ತಾನೆ?" ಅಂತ ಡೆಲ್ಫಿನಾ ತನ್ನ ಮೇಜಿನವರ ಕಡೆ ಮುಖ ಮಾಡಿಯೇ ಕಿಟಕಿ ಮೇಜಿಗೆ ಕೇಳಿಸುವಂತೆ ಅನ್ನುತ್ತಿದ್ದಳು. "ಹಾರಕ್ಕೆ ಗಾಳಿಪಟಾನೂ ಹಾರತ್ತೆ."

"ಬ್ರೋನ್ಯಾ," ಅನ್ನುತ್ತಿದ್ದಳು ಪಿರಿ ನೇನಿ, ಕುಂಚದಿಂದ ಕಣ್ಣೆತ್ತದೆ. "ಆ ಕಡೆಯೋರ ರೂಫ್‌ರನ್ನರ್ ಮಾಳಿಗೆಯಿಂದ ಮಾಳಿಗೆಗೆ ನೆಗೀತಾನಂತೆ. ನಮ್ಮನೆ ಬೆಕ್ಕೂ ನೆಗಿಯತ್ತೆ, ಅದಕ್ಕೆ ಯಾರಾದ್ರೂ ಪುಸ್ತಕ ಬರೆದ್ರೇನೇ?"

ಜಗಳ ಏನೇ ಇರಲಿ, ಮಧ್ಯಾಹ್ನದ ಊಟದ ಹೊತ್ತಿಗೆ ಬಾಗಿಲ ಮೇಜಿನವರ ಕಿವಿ ನೆಟ್ಟಗಾಗುತ್ತಿತ್ತು. ಯಾಕೆ ಅಂದರೆ ಆಗ ಪಿರಿ ನೇನಿ ಕಥೆ ಹೇಳುತ್ತಿದ್ದಳು. ಪುಟಗಳು ಹಿಂದುಮುಂದಾಗಿ ಬರುತ್ತಿದ್ದರಿಂದ ಬಳಿಯುವ ಯಾರಿಗೂ ಪೂರ್ತಿ ಕಥೆ ಗೊತ್ತಾಗುತ್ತಿರಲಿಲ್ಲ. ಒಬ್ಬಳು ಬಾಂಬು ಸಿಡಿದದ್ದನ್ನು ಬಳಿದರೆ ಇನ್ನೊಬ್ಬಳು ಬಾಂಬಿಟ್ಟವನನ್ನು ಬಳಿಯುತ್ತಿದ್ದಳು. ಪಿರಿ ನೇನಿ ಎಲ್ಲರ ಹತ್ತಿರ ಕೇಳಿ, ಸಿಕ್ಕದ್ದನ್ನು ಹೊಲಿದು, ಸಿಗದ್ದನ್ನು ಸ್ವಂತವಾಗಿ ಹುಟ್ಟಿಸಿ, ಎಲೆಕೋಸಿನ ಕಡುಬು ತಿನ್ನುತ್ತಾ ಹೇಳುತ್ತಿದ್ದಳು.

ಅವಳ ಪ್ರೀತಿಯದು ಇಬ್ಬರು ವೀರರು ಕೂಡುವ ಕಥೆ. "ಒಬ್ಬನೇ ವೀರ ಇದ್ರೆ ಏನು ಮಜಾ? ಅವನು ಗೆದ್ದೇ ಗೆಲ್ತಾನೆ ಅಂತ ಮೊದಲ್ನೇ ಪುಟದಲ್ಲೇ ಗೊತ್ತಿರತ್ತೆ," ಅನ್ನುತ್ತಿದ್ದಳು. "ಇಬ್ಬರನ್ನ ತಂದು ಎದುರುಬದುರು ನಿಲ್ಸಿ ನೋಡು. ಮೊದ್ಲು ತಪ್ಪು ತಿಳ್ಕೊಂಡು ಹೊಡೆದಾಡ್ಬೇಕು. ಹೊಡೆದಾಡ್ಲೇಬೇಕು, ಇಲ್ದಿದ್ರೆ ದುಡ್ಡು ವಾಪಸ್. ಇವನು ಮೇಲಾ ಅವನು ಮೇಲಾ ಅಂತ ನಮ್ಮ ಹೊಟ್ಟೇಲಿ ಕಲಸಬೇಕು. ಆದ್ರೆ ಇಬ್ಬರಲ್ಲಿ ಒಬ್ಬನೂ ಸೋಲಬಾರದು. ಆಮೇಲೆ ಇಬ್ಬರಿಗೂ ದೊಡ್ಡ ವೈರಿಯೊಬ್ಬ ಬರ್ತಾನೆ ನೋಡು, ಆಗ ಇವನ ಕೈಲಾಗದ್ದು ಅವನು, ಅವನ ಕೈಲಾಗದ್ದು ಇವನು. ಮದುವೆ ಮನೇಲಿ ಬೀಗರು ಕಿತ್ತಾಡ್ತಾರಲ್ಲ, ಕಡೆಗೆ ಒಂದೇ ಪಂಕ್ತೀಲಿ ಉಣ್ಣಲ್ವಾ? ಹಂಗೆ."

ಇಂಥದ್ದರಲ್ಲಿ ಒಂದು ಸೋಮವಾರ ಕೋಣೆಯ ಯಜಮಾನ ಹ್ಯಾಲೊರನ್ ಎರಡು ಮೇಜಿನ ನಡುವೆ ಬಂದು ನಿಂತರು. ಒಳ್ಳೆಯ ಮನುಷ್ಯ, ಹೊಟ್ಟೆಹುಣ್ಣಿನ ಕಾಯಿಲೆ. ಯಾವ ಸುದ್ದಿಯನ್ನೂ ಹಾಲು ಕುಡಿದೇ ಹೇಳುತ್ತಿದ್ದರು.

"ಎರಡು ಪ್ರಕಾಶನದವರೂ ಸೇರಿ ಒಂದು ಪುಸ್ತಕ ಮಾಡ್ತಿದಾರೆ," ಅಂದರು. "ಕ್ಯಾಪ್ಟನ್ ಮೆರಿಡಿಯನ್, ರೂಫ್‌ರನ್ನರ್, ಒಂದೇ ಕಥೇಲಿ. ದೊಡ್ಡ ಸೈಜು. ನಮಗೆ ಕೊಟ್ಟಿದಾರೆ."

ಕೋಣೆಯಲ್ಲಿ ಒಂದು ಕುಂಚವೂ ಅಲ್ಲಾಡಲಿಲ್ಲ. ಅವರು ಹಾಲಿನ ಲೋಟ ಕೆಳಗಿಟ್ಟು ಮಿಕ್ಕದ್ದನ್ನೂ ಹೇಳಿದರು. ದಕ್ಷಿಣದಲ್ಲಿ ಯಂತ್ರದಿಂದಲೇ ಬಣ್ಣ ಬಿಡಿಸಿಕೊಡುವವರು ಬಂದಿದ್ದಾರೆ. ಇಬ್ಬರೂ ಪ್ರಕಾಶಕರು ಅತ್ತ ಕಣ್ಣು ಹಾಕಿದ್ದಾರೆ. ಈ ಪುಸ್ತಕ ಚೆನ್ನಾಗಿ ಬಂದರೆ ಕೆಲಸವೆಲ್ಲ ಇಲ್ಲೇ ಉಳಿಯುತ್ತದೆ. ಕೆಟ್ಟರೆ ಕ್ರಿಸ್‌ಮಸ್ ಹೊತ್ತಿಗೆ ಈ ಬಾಗಿಲು ಮುಚ್ಚುತ್ತದೆ.

ಪಿರಿ ನೇನಿ ಕುಂಚ ಕೆಳಗಿಟ್ಟಳು. ಒಂದು ಬಾಗಿಲು ಮುಚ್ಚಿದ್ದನ್ನು ಅವಳು ನೋಡಿದ್ದಳು. ಅಡಿಗೆಮನೆಯ ಕಿಟಕಿ, ಎರಡು ಚಳಿಗಾಲ. ಅದು ಇನ್ನೊಂದು ಸಲ ಬಂದರೆ ಈ ವಯಸ್ಸಿನಲ್ಲಿ ತಾನು ಎದ್ದು ಬರುವುದಿಲ್ಲ ಅಂತ ಅವಳಿಗೆ ಖಾತ್ರಿಯಿತ್ತು. ಅಂದು ಅವಳು ಮಧ್ಯಾಹ್ನ ಕಥೆ ಹೇಳಲಿಲ್ಲ.

ಪ್ರಕಾಶಕರು ಒಂದು ಷರತ್ತು ಬೇರೆ ಹಾಕಿದ್ದರು. ನಮ್ಮ ವೀರನನ್ನು ನಮ್ಮ ಮೇಜಿನವರೇ ಬಳಿಯಬೇಕು, ಅವರ ಕೈಗೇ ಅವನ ಮೈ ಗೊತ್ತು. ಹೀಗಾಗಿ ಪ್ರತಿ ಪುಟವೂ ಕಿಟಕಿ ಮೇಜಿನಲ್ಲಿ ಕ್ಯಾಪ್ಟನ್ನನನ್ನು ಮುಗಿಸಿಕೊಂಡು ಬಾಗಿಲ ಮೇಜಿಗೆ ಹೋಗಬೇಕು, ಇಲ್ಲವೆ ಅಲ್ಲಿ ರೂಫ್‌ರನ್ನರನನ್ನು ಮುಗಿಸಿಕೊಂಡು ಇಲ್ಲಿಗೆ ಬರಬೇಕು. ಮೊದಲ ಪುಟ ಯಾರದ್ದು ಅಂತಲೇ ಅರ್ಧ ದಿನ ಜಗಳವಾಯಿತು. ಕಡೆಗೆ ಹ್ಯಾಲೊರನ್, ಒಂದು ಪುಟ ಬಿಟ್ಟು ಒಂದು ಪುಟ ಅಂತ ತೀರ್ಮಾನಿಸಿ ಮತ್ತೊಂದು ಲೋಟ ಹಾಲು ಕುಡಿದರು.

"ನೋಡೇ," ಅಂದಳು ಪಿರಿ ನೇನಿ ಮೊದಲ ಬಾರಿಗೆ ನೇರವಾಗಿ ಡೆಲ್ಫಿನಾಗೆ. "ನಿನ್ನ ಬೆಕ್ಕಿನ ಮೈಗೆ ನನ್ನ ಕುಂಚ ತಾಗಲ್ಲ. ನನ್ನೋನ ಮೈಗೆ ನಿನ್ನದು ತಾಗಕೂಡದು."

"ನಿಮ್ಮ ಗಾಳಿಪಟ ನನಗ್ಯಾಕೆ ಬೇಕು, ಪಿರಿ ನೇನಿ," ಅಂದಳು ಡೆಲ್ಫಿನಾ. "ದೇವರಾಣೆ ಮುಟ್ಟಲ್ಲ."

ಇಬ್ಬರೂ ಮಾತಿಗೆ ತಪ್ಪುವವರಲ್ಲ. ತಪ್ಪಿದ್ದರೇ ಚೆನ್ನಾಗಿತ್ತು.

ಕೆಲಸ ಜೋರಾಗಿ ನಡೆಯಿತು. ಎರಡೂ ಮೇಜಿನವರು ಅಂಥ ಅಂಚನ್ನು ಯಾವತ್ತೂ ಕಟ್ಟಿರಲಿಲ್ಲ. ಹೊಗಳಿಕೆಗಲ್ಲ, ಆಚೆ ಮೇಜು ಬೆರಳು ತೋರಿಸಬಾರದು ಅಂತ. ಕಡೆಯ ಪುಟ ಮುಗಿದಾಗ ಗಡುವಿಗೆ ಇನ್ನೂ ಎರಡು ದಿನ ಉಳಿದಿತ್ತು. ಹೇಗೆ ಬಂದಿದೆ ಅಂತ ನೋಡಲು ಎಲ್ಲ ಹಾಳೆಗಳೂ ಬಣ್ಣದ ಮಾದರಿ ಅಚ್ಚಿಗೆ ಹೋದವು. ಶುಕ್ರವಾರ ಸಂಜೆ ಐದಕ್ಕೆ ಮುದ್ರಣಾಲಯದ ಲಾರಿ ಬರುವುದಿತ್ತು.

ಶುಕ್ರವಾರ ಬೆಳಗ್ಗೆ ಹ್ಯಾಲೊರನ್ ಮಾದರಿ ಪುಟಗಳ ಸುರುಳಿ ಹಿಡಿದು ಬಂದರು. ಅವರ ಮುಖ ಸುಣ್ಣದ ಹಾಗಿತ್ತು. ಕಿಟಕಿ ಮೇಜಿನ ಮೇಲೆ ಅದನ್ನು ಬಿಡಿಸಿದರು. ಬಾಗಿಲ ಮೇಜಿನವರೂ ಎದ್ದು ಬಂದರು.

ಮೊದಲ ಪುಟಗಳು ಕಣ್ಣು ಕುಕ್ಕುವಂತಿದ್ದವು. ಕ್ಯಾಪ್ಟನ್ನನ ಕೆಂಪು ಬೆಂಕಿಯಂತೆ ಉರಿಯುತ್ತಿತ್ತು, ರೂಫ್‌ರನ್ನರನ ನೇರಳೆ ಕತ್ತಲಲ್ಲೂ ಮಿಂಚುತ್ತಿತ್ತು. ಬ್ರೋನ್ಯಾ "ಅಬ್ಬಾ" ಅಂದಳು. ಮುಂದಿನ ಪುಟಕ್ಕೆ ಬಂದಾಗ ಅವಳ ಬಾಯಿ ತೆರೆದ ಹಾಗೇ ಉಳಿಯಿತು. ಅಲ್ಲಿ ಹೊಡೆದಾಟ ಶುರುವಾಗಿತ್ತು. ರೂಫ್‌ರನ್ನರ್ ಬೀಸಿದ್ದಾನೆ, ಗುದ್ದು ದವಡೆಗೆ ಬಿದ್ದಿದೆ. ಬಿದ್ದ ಜಾಗದಲ್ಲಿ ಮುಷ್ಟಿಗೂ ಬಣ್ಣವಿಲ್ಲ, ದವಡೆಗೂ ಬಣ್ಣವಿಲ್ಲ, ಬರೀ ಗೆರೆ, ಕಾಗದದ ಬಿಳಿ. ಮುಂದಿನ ಚೌಕದಲ್ಲಿ ಒಬ್ಬನ ಹೆಗಲ ಮೇಲೆ ಇನ್ನೊಬ್ಬನ ಬೆರಳುಗಳು, ಅವೂ ಬಿಳಿ. ಇಬ್ಬರೂ ತಬ್ಬಿಕೊಂಡು ಉರುಳುವ ಪುಟವಂತೂ ನುಸಿ ತಿಂದ ಬಟ್ಟೆ.

ಏನಾಗಿತ್ತು ಅಂದರೆ, ಇಬ್ಬರು ವೀರರು ಒಬ್ಬರಿಗೊಬ್ಬರು ತಾಗಿದ ಕಡೆಯಲ್ಲೆಲ್ಲ ಪಿರಿ ನೇನಿ "ಇದು ಅವಳವನದು" ಅಂತ ಬಿಟ್ಟಿದ್ದಳು, ಡೆಲ್ಫಿನಾ "ಇದು ಇವರವನದು" ಅಂತ ಬಿಟ್ಟಿದ್ದಳು. ಕೆಂಪಿನವರು ಬಿಟ್ಟದ್ದನ್ನು ಹಳದಿ ನೀಲಿಯವರು ಪದ್ಧತಿಯ ಪ್ರಕಾರ ಬಿಟ್ಟಿದ್ದರು. ಯಾರೂ ತಪ್ಪು ಮಾಡಿರಲಿಲ್ಲ, ಪುಸ್ತಕ ತೂತುಬಿದ್ದಿತ್ತು.

ಹ್ಯಾಲೊರನ್ ಕೊನೆಗೆ ನಡುವಿನ ಜೋಡಿಪುಟ ಬಿಡಿಸಿದರು. ಇಡೀ ಕಥೆ ಕಾಯುತ್ತಿದ್ದ ಚಿತ್ರ ಅದು. ಹೊಡೆದಾಟ ಮುಗಿದು, ತಪ್ಪು ತಿಳಿದು, ಇಬ್ಬರೂ ಕೈ ಹಿಡಿಯುತ್ತಾರೆ. ಎಡ ಪುಟದಿಂದ ಒಂದು ತೋಳು, ಬಲ ಪುಟದಿಂದ ಒಂದು ತೋಳು. ಕೂಡುವಲ್ಲಿ ಬಣ್ಣವೇ ಇರಲಿಲ್ಲ. ಎರಡು ಮೊಂಡುಗೈ, ನಡುವೆ ಬಿಳಿ.

"ನಾನು ಅವರಿಗೆ ಫೋನ್ ಮಾಡ್ತೀನಿ," ಅಂದರು ಹ್ಯಾಲೊರನ್ ಮೆಲ್ಲಗೆ. "ಆಗಲಿಲ್ಲ ಅಂತ ಹೇಳಿಬಿಡ್ತೀನಿ."

ಆಗ ಶುರುವಾಯಿತು ನೋಡಿ. "ನಿಮ್ಮ ಬಿಂಕ ಕಣ್ರೀ ಇದು, ನಿಮ್ಮ ಗಾಳಿಪಟದ ಬಿಂಕ," ಅಂತ ಡೆಲ್ಫಿನಾ. "ನಿನ್ನ ಬೆಕ್ಕಿನ ಪಂಜ ಎಲ್ಲಿಗೆ ಮುಗಿಯತ್ತೆ ಅಂತ ನಿನಗೇ ಗೊತ್ತಿಲ್ವಲ್ಲೇ, ಹದಿಮೂರು ವರ್ಷದಿಂದ ಏನು ಬಳಿದೆ?" ಅಂತ ಪಿರಿ ನೇನಿ. ಹಿಂದೆ ನಿಂತವರೂ ಸೆರಗು ಕಟ್ಟಿದರು ಅನ್ನಿ. ಬೈಗುಳ ಹಂಗೇರಿಯನ್, ಪೋರ್ಚುಗೀಸ್, ಪೋಲಿಷ್ ಮೂರೂ ಭಾಷೆಯಲ್ಲಿ ಹಾರಾಡಿತು. ಹ್ಯಾಲೊರನ್ ಫೋನಿನ ಕಡೆ ಹೊರಟಿದ್ದರು.

ಪಿರಿ ನೇನಿಯ ಕಣ್ಣು ಮಾತಿನ ನಡುವೆ ಮತ್ತೆ ಆ ಮೊಂಡುಗೈಗಳ ಮೇಲೆ ಬಿತ್ತು. ಬೈಯುತ್ತಿದ್ದವಳು ಗಕ್ಕನೆ ನಿಂತಳು. ತಾನು ವರ್ಷಗಟ್ಟಲೆ ಊಟದ ಹೊತ್ತಿಗೆ ಊದಿದ ಶಂಖ, ಬೀಗರು ಕಡೆಗೆ ಒಂದೇ ಪಂಕ್ತಿಯಲ್ಲಿ ಉಣ್ಣುವ ಮಾತು, ಅವಳಿಗೇ ಕೇಳಿಸಿತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ತನ್ನ ಮೇಲೆ.

"ಹ್ಯಾಲೊರನ್ ಅವ್ರೇ, ಫೋನಿಗೆ ಕೈ ಹಾಕ್ಬೇಡಿ," ಅಂದಳು. ಆಮೇಲೆ ಡೆಲ್ಫಿನಾ ಕಡೆ ತಿರುಗಿದಳು. "ಕಥೇಲಿ ಈ ಮೂಢರು ಎಂಟು ಪುಟ ಹೊಡೆದಾಡಿ ನಿಲ್ಸಿದಾರೆ. ನಾವು ಹದಿಮೂರು ವರ್ಷ ಹೊಡೆದಾಡಿದ್ವಿ. ಸಾಕು ಬಾರೇ. ಕೂತ್ಕೋ."

"ಎಲ್ಲಿ?"

"ಇಲ್ಲಿ. ನನ್ನ ಪಕ್ಕ."

ಡೆಲ್ಫಿನಾ ತನ್ನ ಕುರ್ಚಿಯನ್ನು ದರದರ ಎಳೆದುಕೊಂಡು ಬಂದು ಕಿಟಕಿ ಮೇಜಿಗೆ ಹಾಕಿದಳು. ಆ ಸದ್ದು ಆ ಕೋಣೆಯಲ್ಲಿ ಹಿಂದೆಂದೂ ಕೇಳಿರಲಿಲ್ಲ.

ಬಿಳಿ ಜಾಗ ತುಂಬುವುದು ದೊಡ್ಡದಲ್ಲ. ಯಾವ ಬೆರಳು ಯಾರದು ಅನ್ನುವುದೇ ಕಷ್ಟ. ಚಿತ್ರಗಾರ ಹುಮ್ಮಸ್ಸಿನಲ್ಲಿ ಎಳೆದ ಗೆರೆ ಎಳೆಎಳೆಯಾಗಿ ಹೆಣೆದುಕೊಂಡಿತ್ತು. ಎಲ್ಲಿ ಯಾವ ಬಣ್ಣ ಅಂತ ತೋರಿಸಲು ನ್ಯೂಯಾರ್ಕಿನವರು ಗೆರೆಯ ಜೊತೆ ಕಳಿಸಿದ್ದ ನಕಲಿನಲ್ಲಿ ಅಲ್ಲೊಂದು ಗುಲಾಬಿ ಮಚ್ಚೆಯಿತ್ತು, ಅಷ್ಟೇ.

"ಯಾರ ಕೈ ಅಂತ ಗೊತ್ತಿರೋಳು ಹೇಳ್ಲಿ, ಇನ್ನೊಬ್ಳು ಬಳೀಲಿ," ಅಂದಳು ಪಿರಿ ನೇನಿ. "ಹೇಳೋದೂ ಬಳಿಯೋದೂ ಒಬ್ಬಳೇ ಆದ್ರೆ ಮತ್ತೆ ಅನುಮಾನ, ಮತ್ತೆ ತೂತು. ನಿನ್ನೋನನ್ನ ನಾನು ಬಳೀತೀನಿ. ನನ್ನೋನನ್ನ ನೀನು ಬಳಿ."

ಬ್ರೋನ್ಯಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

ಮೊದಲ ಹೊಡೆದಾಟದ ಪುಟ. ಪಿರಿ ನೇನಿ ಬೆರಳಿಟ್ಟು ಓದಿದಳು. "ಇಲ್ಲಿ ಒಂದು ಮುಷ್ಟಿ ಇದೆ, ಒಂದು ಬಿಚ್ಚಿದ ಅಂಗೈ ಇದೆ. ಅಂಗೈ ನಮ್ಮೋನದು, ಕಣ್ಣು ಮುಚ್ಕೊಂಡು ಬಳಿ."

"ಹೆಂಗೆ ಹೇಳ್ತೀರಿ?"

"ತನಗಿಂತ ಚಿಕ್ಕೋನ ಮೇಲೆ ಕ್ಯಾಪ್ಟನ್ ಯಾವತ್ತೂ ಮುಷ್ಟಿ ಕಟ್ಟಲ್ಲ. ತಡೀತಾನೆ, ಹೊಡೆಯಲ್ಲ. ಬೆಟ್ಟ ಎತ್ತೋ ಕೈ ಅದು, ಗುದ್ದಿದ್ರೆ ಎದುರಿನೋನು ಉಳೀತಾನಾ?"

ಡೆಲ್ಫಿನಾ ಕುಂಚ ಹಿಡಿದವಳು ತಲೆಯೆತ್ತಿದಳು. "ಅಂದ್ರೆ ಈ ಎಂಟು ಪುಟಾನೂ ಇವನು ಸುಮ್ನೆ ಹೊಡೆಸ್ಕೊಳ್ತಾ ಇದಾನಾ?"

"ಮತ್ತೇನು ತಿಳ್ಕೊಂಡಿದ್ದೆ?"

"ನಾನು ಜಂಭ ಅಂದ್ಕೊಂಡಿದ್ದೆ," ಅಂದಳು ಡೆಲ್ಫಿನಾ. ಆಮೇಲೆ ಬಗ್ಗಿ ಆ ಅಂಗೈಯನ್ನು ಜೋಪಾನವಾಗಿ ತುಂಬಿದಳು.

ಮುಂದಿನ ಚೌಕದಲ್ಲಿ ನಾಲ್ಕು ಬೆರಳು, ಎರಡು ಹೆಬ್ಬೆರಳು, ದೇವರಿಗೇ ಪ್ರೀತಿ. ಈಗ ಹೇಳುವ ಸರದಿ ಡೆಲ್ಫಿನಾಳದು. "ಕೆಳಗಿನ ಹೆಬ್ಬೆರಳು ನಮ್ಮೋನದು. ಅವನು ಎಡಗೈಯೋನು, ಯಾವಾಗ್ಲೂ ಕೆಳಗಿಂದ ಹಿಡೀತಾನೆ. ಅಲ್ಲಿ ನೋಡಿ, ಕೈಗವಸಿಗೆ ಹೊಲಿಗೆ ಗುರುತಿದೆ."

ಪಿರಿ ನೇನಿ ಕನ್ನಡಕ ಮೂಗಿನ ತುದಿಗೆ ಜಾರಿಸಿ ನೋಡಿದಳು. ಹೊಲಿಗೆ ಅಂದರೆ ಅವಳ ಕಣ್ಣಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. "ಹರಿದದ್ದನ್ನ ಕೈಯಲ್ಲಿ ಹೊಲಿದಿದಾರೆ. ಹೊಸದು ತೊಗೊಳ್ಳಕ್ಕೇನು ಇವನಿಗೆ?"

"ಇವನ ಹತ್ರ ಇನ್ನೊಂದು ಜೊತೆ ಇಲ್ಲ. ಅವನಮ್ಮ ಹೊಲಿದಿದ್ದು, ಸಾಯೋ ಮುಂಚೆ. ಮೂರು ವರ್ಷದ ಹಿಂದಿನ ಪುಸ್ತಕದಲ್ಲಿ ಬಂತು. ಅವತ್ತಿಂದ ಚಿತ್ರ ಬರೆಯೋರು ಆ ಹೊಲಿಗೆ ಬಿಟ್ಟಿಲ್ಲ."

"ಇದನ್ನ ನನಗ್ಯಾಕೆ ಹೇಳಲಿಲ್ಲ ಇಷ್ಟು ದಿನ?"

"ನೀವು ಯಾವತ್ತು ಕೇಳಿದ್ರಿ? ಬೆಕ್ಕು ಅಂದ್ರಿ."

ಪಿರಿ ನೇನಿ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು, ಹೊಲಿಗೆಯ ಒಂದೊಂದು ನೂಲನ್ನೂ ಬಿಟ್ಟು ಸುತ್ತ, ನೀಲಿ ಸೇರಿದಾಗ ನೇರಳೆಯಾಗುವ ಅರೆಗೆಂಪು ತುಂಬಿದಳು. ಇಡೀ ಪುಸ್ತಕದಲ್ಲಿ ಅಷ್ಟು ಹೊತ್ತು ತೆಗೆದುಕೊಂಡ ಬೆರಳು ಇನ್ನೊಂದಿಲ್ಲ. ಹ್ಯಾಲೊರನ್ ಗಡಿಯಾರ ನೋಡಿ ಕೆಮ್ಮಿದರು. ಅವಳು ತಲೆಯೆತ್ತದೆ "ಹಾಲು ಕುಡೀರಿ" ಅಂದಳು.

ಅವರಿಬ್ಬರ ಹಿಂದೆ ಹಳದಿ ನೀಲಿಯವರು ಸಾಲಾಗಿ ನಿಂತರು. ಕೆಂಪು ಆರುತ್ತಿದ್ದ ಹಾಗೆ ಹಾಳೆ ಎತ್ತಿಕೊಂಡು ಹೋಗಿ, ಯಾವ ಮೇಜು ಸಿಕ್ಕಿದರೆ ಆ ಮೇಜಿಗೆ ಕೂತು ತುಂಬತೊಡಗಿದರು. ಒಬ್ಬಳು ಪುಟದ ಕಥೆ ಕೂಗಿ ಹೇಳುತ್ತಿದ್ದಳು, ಇನ್ನೊಬ್ಬಳು ಮುಂದೇನಾಯಿತು ಅನ್ನುತ್ತಿದ್ದಳು. ಡಾಕ್ಟರ್ ಟಂಡ್ರ ಅನ್ನುವ ಖಳ ಸಮುದ್ರವನ್ನೇ ಹೆಪ್ಪುಗಟ್ಟಿಸುವ ಪುಟ ಬಂದಾಗ ಬ್ರೋನ್ಯಾ ಎದ್ದು ನಿಂತು "ಬರ್ಲಿ ಮಗ, ಈಗ ಇಬ್ಬರಿದಾರೆ" ಅಂದಳು. ಮಧ್ಯಾಹ್ನ ಯಾರೂ ಊಟಕ್ಕೇಳಲಿಲ್ಲ. ಡೆಲ್ಫಿನಾ ತಂದಿದ್ದ ಮೀನಿನ ವಡೆಯನ್ನು ಯಾರೋ ಪಿರಿ ನೇನಿಯ ಬಾಯಿಗೆ ಇಟ್ಟರು, ಅವಳು ಚೆನ್ನಾಗಿದೆ ಅಂತ ಒಪ್ಪಿಕೊಂಡಳು.

ನಾಲ್ಕು ದಾಟಿದಾಗ ಜೋಡಿಪುಟವೊಂದೇ ಉಳಿದಿತ್ತು. ಕ್ಯಾಪ್ಟನ್ನನ ತುಂಬುಗೆಂಪಿನ ಹಾಳೆ, ರೂಫ್‌ರನ್ನರನ ಅರೆಗೆಂಪಿನ ಹಾಳೆ ಎರಡನ್ನೂ ಒಂದೇ ಕಡೆ ಸಿಕ್ಕಿಸಿ, ಕ್ಯಾಲೆಂಡರಿನಂತೆ ಮಗುಚುತ್ತಾ ಬಳಿಯಬೇಕು. ಡೆಲ್ಫಿನಾ ಕ್ಯಾಪ್ಟನ್ನನ ಒಂದು ಬೆರಳು ತುಂಬುತ್ತಾಳೆ, ಹಾಳೆ ಮಗುಚುತ್ತದೆ, ಪಿರಿ ನೇನಿ ಅದಕ್ಕೆ ತಾಗಿದ ರೂಫ್‌ರನ್ನರನ ಬೆರಳು ತುಂಬುತ್ತಾಳೆ, ಮತ್ತೆ ಮಗುಚುತ್ತದೆ. ಒಂದು ಕೂದಲೆಳೆ ಅತ್ತಿತ್ತ ಆದರೆ ಬಿಳಿ ಗೆರೆ ಬರುತ್ತದೆ, ಇಲ್ಲ ಒಂದರ ಮೇಲೊಂದು ಬಿದ್ದು ಕಪ್ಪಾಗುತ್ತದೆ. ಇಬ್ಬರ ತಲೆಯೂ ಒಂದಕ್ಕೊಂದು ತಾಗಿತ್ತು, ನರೆತ ತುರುಬು, ಕರಿಯ ಜಡೆ. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಅಂತ ಗಾದೆ ಕಟ್ಟಿ ಮೀಸೆ ತಿರುವಿದವನನ್ನು ಆ ಹೊತ್ತಿಗೆ ಅಲ್ಲಿಗೆ ತಂದು ನಿಲ್ಲಿಸಬೇಕಿತ್ತು.

"ಕಿರುಬೆರಳು?" ಅಂತ ಪಿರಿ ನೇನಿ.

"ನಮ್ಮೋನದು. ಅಲ್ಲ, ತಡೀರಿ. ನಿಮ್ಮೋನದು."

"ನೋಡಿ ಹೇಳೇ."

"ಬಿಗಿಯಾಗಿ ಹಿಡಿದಿರೋದು ನಮ್ಮೋನು. ಇದು ಸಡಿಲವಾಗಿದೆ. ನಿಮ್ಮೋನು ನೋವಾಗ್ದೇ ಇರ್ಲಿ ಅಂತ ಸಡಿಲ ಹಿಡಿದಿದಾನೆ."

"ಹೌದು ಕಣೇ," ಅಂದಳು ಪಿರಿ ನೇನಿ. "ಬಳಿ."

ಕೆಳಗೆ ಲಾರಿಯವನು ಹಾರನ್ ಬಾರಿಸಿದ. ಎಲ್ಲರೂ ಸುತ್ತ ನಿಂತು, ಏಪ್ರನ್ ಬೀಸಿ, ಬಾಯಲ್ಲಿ ಊದಿ ಹಾಳೆ ಒಣಗಿಸಿದರು. ಹ್ಯಾಲೊರನ್ ಹೊಟ್ಟೆಹುಣ್ಣು ಮರೆತು ಪೆಟ್ಟಿಗೆ ಹೊತ್ತುಕೊಂಡು ಮೆಟ್ಟಿಲಿಳಿದು ಓಡಿದರು. ಮಾದರಿ ತೆಗೆದು ನೋಡಲು ಹೊತ್ತಿರಲಿಲ್ಲ. ಆ ಕೆಸರು ಏನಾಗುತ್ತದೋ ಪುಸ್ತಕ ಬಂದ ಮೇಲೇ ಗೊತ್ತು.

ಬರುವವರೆಗೂ ಪಿರಿ ನೇನಿಗೆ ನಿದ್ದೆಯಿಲ್ಲ. ತನ್ನ ಅಡಿಗೆಮನೆಯ ಕಿಟಕಿಗೆ ಬೆನ್ನು ಹಾಕಿ ಊಟ ಮಾಡುತ್ತಿದ್ದಳು. ಒಂದು ಭಾನುವಾರ ಗಸಗಸೆ ತುಂಬಿದ ಸಿಹಿ ಸುರುಳಿ ಮಾಡಿ ಡೆಲ್ಫಿನಾ ಮನೆಗೆ ಒಯ್ದಳು. ಹೋದವಳೇ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಉಪ್ಪು ಸಾಲದು ಅಂದಳಂತೆ.

ಪುಸ್ತಕ ಬಂತು. ಅಷ್ಟಗಲದ, ಹೊಸ ಮಸಿಯ ವಾಸನೆಯ ಪುಸ್ತಕ. ಹ್ಯಾಲೊರನ್ ಅದನ್ನು ಪಿರಿ ನೇನಿಯ ಕೈಗೆ ಕೊಟ್ಟರು. ಅವಳು ಡೆಲ್ಫಿನಾಳನ್ನು ಪಕ್ಕಕ್ಕೆ ಕರೆದು ನಡುವಿನ ಜೋಡಿಪುಟ ತೆರೆದಳು.

ಎರಡು ಕೈ ಗಟ್ಟಿಯಾಗಿ ಕೂಡಿದ್ದವು. ಕೆಂಪು, ಅದರ ಪಕ್ಕ ನೇರಳೆ, ಮತ್ತೆ ಕೆಂಪು. ನಡುವೆ ಎಳ್ಳಷ್ಟೂ ಬಿಳಿ ಇಲ್ಲ, ಎಳ್ಳಷ್ಟೂ ಕಪ್ಪಿಲ್ಲ. ಕೋಣೆಯ ಹೆಂಗಸರೆಲ್ಲ ಒಟ್ಟಿಗೆ ಕೂಗಿದ ಕೂಗಿಗೆ ಕೆಳಗಿನ ಅಂಗಡಿಯವನು ಬೆಂಕಿ ಬಿತ್ತೇನೋ ಅಂತ ಮೇಲೆ ಓಡಿಬಂದ. ಆಮೇಲೆ ಪಿರಿ ನೇನಿ ಮೊದಲ ಪುಟದಿಂದ ಕಡೆಯವರೆಗೆ ಓದಿ ಹೇಳಿದಳು. ಯಾವುದನ್ನೂ ಹುಟ್ಟಿಸಬೇಕಾಗಿ ಬರಲಿಲ್ಲ.

ಅಂಗಡಿಗಳಲ್ಲಿ ಆ ಪುಸ್ತಕ ಬಂದ ವಾರವೇ ಖಾಲಿಯಾಯಿತು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಜನ ಗೆದ್ದವನು ಯಾರು ಅಂತ ಕಚ್ಚಾಡಿದರು. ಮುಂದಿನ ಸೋಮವಾರ ಹ್ಯಾಲೊರನ್ ಮತ್ತೆ ಎರಡು ಮೇಜಿನ ನಡುವೆ ಬಂದು ನಿಂತರು. ಕೈಯಲ್ಲಿ ಹಾಲಿನ ಲೋಟ ಇರಲಿಲ್ಲ.

"ದಕ್ಷಿಣಕ್ಕೆ ಏನೂ ಹೋಗಲ್ಲ," ಅಂದರು. "ಎರಡು ಪ್ರಕಾಶನದ ಕೆಲಸಾನೂ ಇಲ್ಲೇ. ಬಾಗಿಲು ಮುಚ್ಚಲ್ಲ."

ಪಿರಿ ನೇನಿ ಕುಂಚ ಕೆಳಗಿಟ್ಟು, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಯಾರಿಗೂ ನಾಚದೆ, ದನಿ ತೆಗೆದು. ಡೆಲ್ಫಿನಾ ಅವಳ ಬೆನ್ನು ಸವರುತ್ತಾ ಕೂತಳು.

"ಇನ್ನೂ ಇದೆ," ಅಂದರು ಹ್ಯಾಲೊರನ್. "ಅವರಿಬ್ಬರದೇ ಇನ್ನೊಂದು ದೊಡ್ಡ ಪುಸ್ತಕ ಬರ್ತಿದೆ. ಹೋದ್ಸಲದ ಹಂಗೆ ಆಗೋದು ಬೇಡ, ಈಗಲೇ ಇತ್ಯರ್ಥ ಮಾಡೋಣ. ಪಿರಿ, ಕ್ಯಾಪ್ಟನ್ ನಿಮಗೆ. ಡೆಲ್ಫಿನಾ, ರೂಫ್‌ರನ್ನರ್ ನಿಮಗೆ."

ಪಿರಿ ನೇನಿ ಏಪ್ರನ್ನಿನಿಂದ ಮುಖ ಹೊರತೆಗೆದಳು. ಕಣ್ಣು ಇನ್ನೂ ಒದ್ದೆ. "ಯಾಕೆ? ರೂಫ್‌ರನ್ನರ್ ನನಗಿರ್ಲಿ. ಆ ಹೊಲಿಗೆ ಬಿಡೋದು ಈ ಕೋಣೇಲಿ ಇನ್ಯಾರಿಗೆ ಬರತ್ತೆ?"

"ಹಾಂ, ಇರ್ಲಿ ಬಿಡಿ ಅವರಿಗೆ ಆ ಬೆಕ್ಕು," ಅಂದಳು ಡೆಲ್ಫಿನಾ. "ಕ್ಯಾಪ್ಟನ್ ನನ್ನೋನು."

"ಯಾರನ್ನೇ ಬೆಕ್ಕು ಅಂದೆ?" ಅಂತ ಪಿರಿ ನೇನಿ ಎದ್ದು ನಿಂತಳು. "ತಾಯಿಲ್ಲದ ಹುಡುಗನ್ನ? ನಿನ್ನ ಗಾಳಿಪಟಕ್ಕೆ ಬಾಲ ಕಟ್ಟಿ ಹಾರಿಸ್ತೀನಿ, ನೋಡ್ತಿರು."

ಬ್ರೋನ್ಯಾ ನಗು ತಡೆಯಲಾರದೆ ಮೇಜಿಗೆ ತಲೆಯೊರಗಿಸಿದಳು. ಹ್ಯಾಲೊರನ್ ಹಾಲು ತರಲು ಹೋದರು. ಒಂದೇ ಮೇಜಿಗೆ ಕೂತ ಕೆಂಪಿನವರಿಬ್ಬರೂ ಸಂಜೆಯವರೆಗೆ ಜಗಳವಾಡುತ್ತಾ ಬಳಿದರು.